ಮೊರದಲ್ಲಿ ಸಿಕ್ಕ ಕವಿತೆ: ಕೆ.ಎಸ್. ನರಸಿಂಹಸ್ವಾಮಿ

ಕನ್ನಡ ಸಂಘದ ಪತ್ರಿಕೆಗೆ ಏನಾದ್ರೂ ಬರೆದುಕೊಡಿ ಅಂತ ಕೇಳಿದಾಗಲೆಲ್ಲ ನಮ್ಮ ಬ್ಯಾಚಿನಲ್ಲಿ ಬರೋ ಉತ್ತರ ಒಂದೇ. ಬರೆಯೋಕೆ ಏನಿದೆ? ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ರೆಕಾರ್ಡು, ರಾತ್ರಿ ಮೆಸ್ಸಿನ ಅದೇ ಸಾರು. ಜೀವನದಲ್ಲಿ ಏನಾದ್ರೂ ದೊಡ್ಡದು ಆಗಲಿ, ಆಮೇಲೆ ಬರೀತೀವಿ ಅನ್ನೋದು ಎಲ್ಲರ ಲೆಕ್ಕಾಚಾರ. ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋದರೆ ಬರೆಯಬಹುದು, ಬ್ರೇಕಪ್ ಆದರೆ ಖಂಡಿತ ಬರೆಯಬಹುದು. ಮಾಮೂಲಿ ಮಂಗಳವಾರದ ಬಗ್ಗೆ ಯಾರು ಬರೀತಾರೆ, ಯಾರು ಓದ್ತಾರೆ?

ಬರೆದವರು ಒಬ್ಬರಿದ್ದಾರೆ. ಸರ್ಕಾರಿ ಕಚೇರಿಯ ಕೆಲಸ, ವರ್ಗಾವಣೆ, ಹೆಂಡತಿ, ಮಕ್ಕಳು, ಮಾವನ ಮನೆ. ಹೊರಗಿನಿಂದ ನೋಡಿದರೆ ಅವರ ಜೀವನದಲ್ಲಿ ನಡೆದದ್ದು ಇಷ್ಟೇ. ಅವರ ಹೆಸರು ಗೊತ್ತಿಲ್ಲದವರಿಗೂ ಅವರ ಹಾಡು ಗೊತ್ತಿರುತ್ತೆ. ಎಥ್ನಿಕ್ ಡೇ ದಿನ ಸ್ಟೇಜ್ ಮೇಲೆ ಯಾರಾದರೂ ಭಾವಗೀತೆ ಹಾಡಿದರೆ ಅದು ಇವರದ್ದೇ ಆಗಿರೋ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಹಲವರಿಗೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರಿಗಂತೂ, ಇವರು ಮೊದಲು ಪರಿಚಯವಾಗಿದ್ದು ಪುಸ್ತಕದಿಂದಲ್ಲ, ಅಮ್ಮ ಅಡುಗೆ ಮನೆಯಲ್ಲಿ ಹಾಕ್ತಿದ್ದ ಕ್ಯಾಸೆಟ್ಟಿನಿಂದ. ಅವರೇ ಕಿಕ್ಕೇರಿ ಸುಬ್ಬರಾವ್ ನರಸಿಂಹಸ್ವಾಮಿ, ಎಲ್ಲರ ಬಾಯಲ್ಲಿ ಕೆ.ಎಸ್.ನ.

ಮೊದಲು ಊರಿನ ವಿಷಯ ಹೇಳಿಬಿಡಬೇಕು, ಯಾಕಂದ್ರೆ ಅದು ಸುಮ್ಮನೆ ಬಿಡೋ ಸಂಗತಿ ಅಲ್ಲ. ಮಂಡ್ಯ ಜಿಲ್ಲೆಯ ಮ್ಯಾಪ್ ತೆಗೆದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳನ್ನ ಪೆನ್ಸಿಲ್ಲಿಂದ ಸುತ್ತಿ. ಕಬ್ಬು, ಭತ್ತ, ರಾಗಿ, ಕೆರೆ, ಆಲೆಮನೆ. ಬೈಕಲ್ಲಿ ಒಂದೇ ದಿನ ಎಲ್ಲ ಸುತ್ತಿ ಬರಬಹುದು. ಇಷ್ಟು ಸಣ್ಣ ಜಾಗದಿಂದ ಬಂದವರನ್ನ ನೋಡಿ. ನಾಗಮಂಗಲದ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು ಪು.ತಿ. ನರಸಿಂಹಾಚಾರ್. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು ಎ.ಎನ್. ಮೂರ್ತಿರಾವ್. ಇನ್ನು ಶ್ರೀರಂಗಪಟ್ಟಣದಲ್ಲಿ, ಮುನ್ನೂರು ವರ್ಷಕ್ಕೂ ಹಿಂದೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯೋ ಕೆಲಸ ಮಾಡ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಮನೆಯೊಳಗಿನ ಹೆಣ್ಣಿನ ಬದುಕೇ ಆ ಕಾವ್ಯದ ವಿಷಯ. ಅಂದರೆ ಮನೆಯ ಒಳಗಿನ ಮಾತನ್ನ ಕವಿತೆ ಮಾಡೋದು ಈ ಕಡೆಗೆ ಹೊಸದೇನಲ್ಲ.

ಈ ಪಟ್ಟಿಯಲ್ಲಿ ಕಿಕ್ಕೇರಿಯೂ ಸೇರುತ್ತೆ. ಕೆ.ಆರ್. ಪೇಟೆಯಿಂದ ಚನ್ನರಾಯಪಟ್ಟಣದ ಕಡೆ ಹೋಗೋ ರಸ್ತೆಯಲ್ಲಿ ಸಿಗೋ ಊರು, ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಸ್ಥಾನ ಇದೆ. 1915ರ ಜನವರಿ 26ರಂದು ನರಸಿಂಹಸ್ವಾಮಿ ಹುಟ್ಟಿದರು. ತಾಯಿ ನಾಗಮ್ಮನವರ ಕಡೆಯಿಂದ ಹೊಸಹೊಳಲಿನ ನಂಟು, ಅದೂ ಕೆ.ಆರ್. ಪೇಟೆ ಪಕ್ಕದ್ದೇ. ಇಂಟರ್‌ಮೀಡಿಯೆಟ್ ಮೈಸೂರಿನಲ್ಲಿ ಆಯ್ತು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಿ.ಎ. ಓದೋಕೆ ಸೇರಿದರು, ಡಿಗ್ರಿ ಪೂರ್ತಿಯಾಗಲಿಲ್ಲ. ಆ ಕಾಲದ ದೊಡ್ಡ ಕನ್ನಡ ಲೇಖಕರ ಹೆಸರು ತೆಗೆದರೆ ಬಹಳಷ್ಟು ಜನ ಪ್ರೊಫೆಸರ್‌ಗಳು. ಇವರ ಹೆಸರಿನ ಮುಂದೆ ಅಂಥದ್ದು ಯಾವುದೂ ಬರಲಿಲ್ಲ.

1936ರ ಮಾರ್ಚ್‌ನಲ್ಲಿ ತಿಪಟೂರಿನ ವೆಂಕಮ್ಮನವರ ಜೊತೆ ಮದುವೆ. ಆಗ ಅವರಿಗೆ 21, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಮರುವರ್ಷವೇ ಸರ್ಕಾರಿ ನೌಕರಿ. ಮೈಸೂರು, ನಂಜನಗೂಡು, ಬೆಂಗಳೂರು ಅಂತ ಊರು ಬದಲಾಯ್ತು, ಕೆಲಸ ಅದೇ. ಫೈಲು, ಸಹಿ, ತಿಂಗಳ ಕೊನೆಯ ಸಂಬಳ. 1970ರಲ್ಲಿ ಬೆಂಗಳೂರಿನ ಹೌಸಿಂಗ್ ಬೋರ್ಡಿನಿಂದ ನಿವೃತ್ತರಾಗೋ ತನಕ ಹೀಗೇ ನಡೀತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಕವಿತೆ ಬರೆದಿದ್ದು ಕಚೇರಿ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ. ಟೈಮ್ ಇಲ್ಲ ಅನ್ನೋ ನಮ್ಮ ವಾದ ಇಲ್ಲಿಗೇ ಸ್ವಲ್ಪ ಸಡಿಲ ಆಗುತ್ತೆ.

ಹಾಗಾದರೆ ಇವರಿಗೆ ಇದನ್ನೆಲ್ಲ ಬರೆಯಬಹುದು ಅಂತ ಧೈರ್ಯ ಎಲ್ಲಿಂದ ಬಂತು? ನಮಗೆ ಕಾಣೋದು ಎರಡು ದಾರಿ. ಒಂದು ಪಕ್ಕದ ತಾಲ್ಲೂಕಿನದೇ. ಬೆಳ್ಳೂರಿನ ಬಿ.ಎಂ.ಶ್ರೀ 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿ ಇಂಗ್ಲಿಷ್ ಕವಿತೆಗಳನ್ನ ಕನ್ನಡಕ್ಕೆ ತಂದು, ಹಳೇ ಛಂದಸ್ಸಿನ ಬಿಗಿ ಸಡಿಲ ಮಾಡಿ, ಮನುಷ್ಯ ತನ್ನ ಮನಸ್ಸಿನ ಮಾತನ್ನ ಸರಳ ಕನ್ನಡದಲ್ಲಿ ಹೇಳಬಹುದು ಅಂತ ತೋರಿಸಿದ್ದರು. ಆ ಪುಸ್ತಕ ಬಂದಾಗ ಕೆ.ಎಸ್.ನ. ಇನ್ನೂ ಹುಡುಗ. ಇನ್ನೊಂದು ದಾರಿ ಬಹಳ ದೂರದ್ದು, ಸ್ಕಾಟ್ಲೆಂಡಿನದು. ರಾಬರ್ಟ್ ಬರ್ನ್ಸ್ ಅನ್ನೋ ಕವಿ 1759ರಿಂದ 1796ರವರೆಗೆ ಬದುಕಿದ್ದ. ರೈತನ ಮಗ, ತಾನೂ ಹೊಲ ಉತ್ತವನು, ಕೊನೆಗೆ ಹೊಟ್ಟೆಪಾಡಿಗೆ ಅಬಕಾರಿ ಇಲಾಖೆಯಲ್ಲಿ ಅಧಿಕಾರಿಯಾದವನು. ಲಂಡನ್ನಿನ ಪುಸ್ತಕದ ಇಂಗ್ಲಿಷ್ ಬಿಟ್ಟು ತನ್ನ ಊರಿನವರು ಆಡೋ ಸ್ಕಾಟ್ಸ್ ಮಾತಿನಲ್ಲಿ ಪ್ರೇಮಗೀತೆ ಬರೆದ. ಕೆ.ಎಸ್.ನ. ಈ ಬರ್ನ್ಸ್‌ನ ಪ್ರೇಮಗೀತೆಗಳನ್ನ ಕನ್ನಡಕ್ಕೆ ಅನುವಾದ ಮಾಡಿದ್ದಾರೆ. ಒಬ್ಬ ಅಬಕಾರಿ ನೌಕರನ ಹಾಡುಗಳು ಇನ್ನೊಬ್ಬ ಸರ್ಕಾರಿ ನೌಕರನ ಮೇಜಿಗೆ ಬಂದು ಕೂತಿದ್ದು ನಮಗೆ ತುಂಬಾ ಇಷ್ಟವಾದ ಸಂಗತಿ.

1942ರಲ್ಲಿ 'ಮೈಸೂರು ಮಲ್ಲಿಗೆ' ಬಂತು. ಮೊದಲ ಸಂಕಲನ, ಕವಿಗೆ 27 ವರ್ಷ. ಆ ವರ್ಷ ಏನೇನಾಗಿತ್ತು ಅಂತ ನೆನಪಿಸಿಕೊಳ್ಳಿ: ಎರಡನೇ ಮಹಾಯುದ್ಧ ಜೋರಾಗಿತ್ತು, ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯ್ತು. ಕನ್ನಡದಲ್ಲಿ ಕುವೆಂಪು ಮಲೆನಾಡಿನ ಕಾಡು, ಬೆಟ್ಟ, ಸೂರ್ಯೋದಯ ಬರೆದಿದ್ದರು, ಬೇಂದ್ರೆ ನಾಕುತಂತಿಯ ಕಡೆ ನಡೀತಾ ಇದ್ದರು. ಇಂಥ ಹೊತ್ತಲ್ಲಿ ಒಬ್ಬ ಗುಮಾಸ್ತರು ಬಂದು, ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ, ಮನೆ ಬಿಕೋ ಅಂತಿದೆ ಅಂತ ಬರೆದರು. ಅದಕ್ಕೂ ಮುಂಚೆ ಕನ್ನಡದಲ್ಲಿ ಪ್ರೀತಿಯ ಪದ್ಯ ಇರಲಿಲ್ಲ ಅಂತಲ್ಲ, ತೀ.ನಂ.ಶ್ರೀ ಅವರ 'ಒಲುಮೆ' ಇತ್ತು. ಆದರೆ ಇಷ್ಟು ಪಾತ್ರೆ ಪಗಡೆ, ಇಷ್ಟು ನೆಂಟರಿಷ್ಟರು, ಇಷ್ಟು ಊರಿನ ಸದ್ದು ಸೇರಿಕೊಂಡ ಪ್ರೀತಿ ಹೊಸದು.

ಈ ಲೇಖನಕ್ಕೋಸ್ಕರ ನಾವು ನಾಲ್ಕೈದು ಜನ ಕೂತು ಅವರ ಪದ್ಯಗಳನ್ನ ಹಾಡಾಗಿ ಅಲ್ಲ, ಪದ್ಯವಾಗಿ ಓದಿದೆವು. ಟ್ಯೂನ್ ತೆಗೆದು ಓದಿದರೆ ಬೇರೆಯೇ ಕಾಣುತ್ತೆ.

ಬಳೆಗಾರನ ಪದ್ಯ ತಗೊಳ್ಳಿ. ಬಳೆ ಮಾರೋ ಚೆನ್ನಯ್ಯ ಊರಿಂದ ಊರಿಗೆ ನಡೆಯೋನು. ತವರಲ್ಲಿರೋ ಹೆಂಡತಿಯ ಸುದ್ದಿಯನ್ನ ನವಿಲೂರಿನಿಂದ ಗಂಡನ ಮನೆ ಬಾಗಿಲಿಗೆ ತಂದು ಮುಟ್ಟಿಸ್ತಾನೆ. ವಾಟ್ಸಾಪ್ ಇಲ್ಲದ ಕಾಲದಲ್ಲಿ ಅವನೇ ನೆಟ್‌ವರ್ಕ್. ಗಂಡ ಹೆಂಡತಿಯ ವಿರಹದ ಪದ್ಯದಲ್ಲಿ ಗಂಡನೂ ಮಾತಾಡಲ್ಲ, ಹೆಂಡತಿಯೂ ಮಾತಾಡಲ್ಲ, ಮಾತಾಡೋದು ಬಳೆಗಾರ. ವಾರಕ್ಕೊಮ್ಮೆ ಬೀದಿಯಲ್ಲಿ ಹೋಗೋ ಒಬ್ಬ ವ್ಯಾಪಾರಿಯ ಬಾಯಿಂದ ಪ್ರೇಮಗೀತೆ ಹೇಳಿಸಬಹುದು ಅಂತ ಹೊಳೆದದ್ದೇ ಅದರ ಗುಟ್ಟು. ನವಿಲೂರು ಯಾವ ತಾಲ್ಲೂಕಿನಲ್ಲಿದೆ ಅಂತ ಗೂಗಲ್ ಮ್ಯಾಪ್‌ನಲ್ಲಿ ಹುಡುಕೋದು ಬೇಡ, ಅದು ಪದ್ಯದೊಳಗಿನ ಊರು. ಆದರೆ ಆ ಊರಿನ ಧೂಳು ಮಾತ್ರ ಕಿಕ್ಕೇರಿ ಕಡೆಯದ್ದೇ ಅಂತ ನಮಗೆ ಅನುಮಾನ.

ಮಾವನ ಮನೆಗೆ ರಾತ್ರಿ ಬಂದು ಇಳಿಯೋ ರಾಯರ ಪದ್ಯವೂ ಹಾಗೇ. ಅಳಿಯನಿಗೆ ಉಪಚಾರ ಎಲ್ಲ ನಡೆಯುತ್ತೆ, ಹೆಂಡತಿ ಪದುಮ ಮಾತ್ರ ಕಣ್ಣಿಗೆ ಬೀಳಲ್ಲ. ಯಾಕೆ ಅಂತ ಪದ್ಯ ನೇರವಾಗಿ ಹೇಳೋದೇ ಇಲ್ಲ. ಆ ಕಾಲದ ಮನೆಗಳಲ್ಲಿ ಮುಟ್ಟಾದ ಹೆಂಗಸರು ಹೊರಗೆ ಕೂರೋ ಪದ್ಧತಿ ಇತ್ತು, ಅಳಿಯನಿಗೆ ಅರ್ಥ ಆಗಿದೆ, ಮನೆಯವರೆಲ್ಲ ಗಂಭೀರವಾಗಿ ಓಡಾಡ್ತಿದ್ದಾರೆ, ರಾಯರು ಒಳಗೊಳಗೇ ಮುನಿಸಿಕೊಂಡಿದ್ದಾರೆ. ಹೇಳಿದರೆ ಹತ್ತು ಸೆಕೆಂಡಿನ ರೀಲ್ ಆಗೋ ವಿಷಯ. 1942ರಲ್ಲಿ ಅಚ್ಚಿನಲ್ಲಿ ಅದನ್ನ ಇಷ್ಟು ಹಗುರವಾಗಿ, ಇಷ್ಟು ಮರ್ಯಾದೆಯಿಂದ ಹೇಳೋದು ಸುಲಭ ಆಗಿರಲಿಲ್ಲ.

ಆದರೆ ನಾವು ಹೆಚ್ಚು ಹೊತ್ತು ನಿಂತಿದ್ದು ಅಕ್ಕಿ ಆರಿಸೋ ಹೆಂಗಸಿನ ಪದ್ಯದ ಹತ್ತಿರ. ಅಷ್ಟೇ ವಿಷಯ: ಒಬ್ಬ ಹೆಂಗಸು ಮೊರ ಹಿಡಿದು ಕೂತು ಅಕ್ಕಿಯಲ್ಲಿ ಕಲ್ಲು ಹುಡುಕ್ತಾ ಇದ್ದಾಳೆ. ಪ್ಯಾಕೆಟ್ ಅಕ್ಕಿ ತಿನ್ನೋ ನಮಗೆ ಅದು ಮರೆತೇ ಹೋದ ಕೆಲಸ, ಅವತ್ತಿಗೆ ಪ್ರತಿ ಮನೆಯಲ್ಲೂ ಪ್ರತಿ ದಿನ ಆಗ್ತಿದ್ದದ್ದು. ದಿನಾ ನೋಡೋದನ್ನ ಯಾರೂ ನೋಡಲ್ಲ ಅಲ್ವಾ. ಇವರು ನೋಡಿದರು. ನೋಡಿದ್ದು ಏನನ್ನ? ನುಚ್ಚಿನ ನಡುವೆ ಓಡಾಡೋ ಬೆರಳಲ್ಲಿ ಚಿನ್ನ ಇಲ್ಲ ಅನ್ನೋದನ್ನ. ಇರೋದನ್ನ ಎಲ್ಲರೂ ಬರೀತಾರೆ, ಇವರು ಇಲ್ಲದ್ದನ್ನ ನೋಡಿದರು. ಆ ಒಂದು ವಿವರದಲ್ಲಿ ಮನೆಯ ಸಂಬಳ ಎಷ್ಟು, ಮದುವೆಯಲ್ಲಿ ಹಾಕಿದ ಉಂಗುರ ಎಲ್ಲಿ ಹೋಗಿರಬಹುದು, ಗಂಡನಿಗೆ ಅದರ ಬಗ್ಗೆ ಏನನ್ನಿಸ್ತಿದೆ, ಎಲ್ಲ ಬಂದುಬಿಡುತ್ತೆ. ಬಡತನ ಅನ್ನೋ ಪದ ಬೇಕಾಗಲೇ ಇಲ್ಲ. ಕಲ್ಲು ಸಿಕ್ಕಾಗ ಅವಳು ಅದನ್ನ ಎಸೆಯುತ್ತಾಳೆ, ಕೈ ಬೀಸಿದಾಗ ಬಳೆ ಸದ್ದು ಮಾಡುತ್ತೆ. ಚಿನ್ನ ಇಲ್ಲದಿದ್ದರೂ ಗಾಜಿನ ಬಳೆ ಇದೆ ಅಂತಾಯ್ತು. ಸಿಗ್ನಲ್ ಪ್ರೊಸೆಸಿಂಗ್ ಓದೋ ಗೆಳೆಯನೊಬ್ಬ ಇದನ್ನ ಓದಿ, ಪದ್ಯದೊಳಗೂ ಫಿಲ್ಟರಿಂಗು, ಪದ್ಯ ಬರೆದದ್ದೂ ಫಿಲ್ಟರಿಂಗು ಅಂದ. ಸ್ವಲ್ಪ ಎಳೆದ ಹೋಲಿಕೆ, ಆದರೂ ಬಿಡೋಕೆ ಮನಸ್ಸಾಗಲಿಲ್ಲ.

ನಮ್ಮ ಗುಂಪಿನ ಹುಡುಗಿಯರು ಕೇಳಿದ ಪ್ರಶ್ನೆ ಇದಕ್ಕಿಂತ ಖಾರವಾಗಿತ್ತು. ಅವಳು ಅಕ್ಕಿ ಆರಿಸ್ತಾಳೆ, ಅವನು ನೋಡ್ತಾನೆ, ಅವನೂ ಒಂದು ಕೈ ಹಾಕಬಾರದಾ? ಸರಿಯಾದ ಪ್ರಶ್ನೆ. ಈ ಪದ್ಯಗಳಲ್ಲಿ ಕೆಲಸ ಮಾಡೋದು ಅವಳು, ಸಂತೋಷ ಪಡೋದು ಹೆಚ್ಚಾಗಿ ಅವನು. ವೆಂಕಮ್ಮನವರು ಇದೇ ಬೆಳಿಗ್ಗೆಗಳ ಬಗ್ಗೆ ಬರೆದಿದ್ದರೆ ಪುಸ್ತಕ ಹೇಗಿರ್ತಿತ್ತು ಅಂತ ಯೋಚನೆ ಬರುತ್ತೆ. ಆದರೆ ಇನ್ನೊಂದು ಮಾತೂ ಹೇಳಬೇಕು. ಹೆಂಡತಿಯ ದುಡಿಮೆ ಕಣ್ಣಿಗೇ ಬೀಳದ ಮನೆಗಳು ಇವತ್ತಿಗೂ ಬೇಕಾದಷ್ಟಿವೆ. ಬೆರಳು ಖಾಲಿ ಇರೋದು ಕಂಡ ಗಂಡನಿಗೆ ಕನಿಷ್ಠ ಕಣ್ಣಿತ್ತು.

ಪುಸ್ತಕ ಜನಕ್ಕೆ ಹಿಡಿಸಿತು. ಮರುಮುದ್ರಣದ ಮೇಲೆ ಮರುಮುದ್ರಣ, ಮದುವೆಗೆ ಉಡುಗೊರೆ ಕೊಡೋ ಪುಸ್ತಕ ಆಯ್ತು. 'ಐರಾವತ', 'ದೀಪದ ಮಲ್ಲಿ', 'ಇರುವಂತಿಗೆ' ಒಂದರ ಹಿಂದೆ ಒಂದು ಬಂದವು. ಕಷ್ಟ ಶುರುವಾದದ್ದೂ ಅಲ್ಲೇ. ಮಲ್ಲಿಗೆ ಕವಿ, ದಾಂಪತ್ಯದ ಕವಿ ಅನ್ನೋ ಹಣೆಪಟ್ಟಿ ಅಂಟಿಕೊಂಡಿತು. ಈ ಕಡೆ 1950ರ ದಶಕದಲ್ಲಿ ಕನ್ನಡ ಕಾವ್ಯದ ಗಾಳಿಯೇ ಬದಲಾಯ್ತು. 1954ರಲ್ಲಿ ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' ಬಂತು, ನವ್ಯ ಅನ್ನೋದು ಹೊಸ ಸ್ಟ್ಯಾಂಡರ್ಡ್ ಆಯ್ತು. ಸ್ವಾತಂತ್ರ್ಯ ಬಂದ ಮೇಲಿನ ನಿರಾಸೆ, ಊರು ಬಿಟ್ಟು ನಗರಕ್ಕೆ ಬಂದವರ ಒಂಟಿತನ, ಮುರಿದ ಲಯ, ಒರಟು ಪ್ರತಿಮೆ. ಇದೆಲ್ಲದರ ಮುಂದೆ ಮಾವನ ಮನೆಯ ದೀಪ, ನಾದಿನಿಯ ನಗು ಎಲ್ಲ ಬಾಲಿಶ ಅನ್ನಿಸೋಕೆ ಶುರುವಾಗಿತ್ತು.

ಇಲ್ಲಿ ಒಬ್ಬ ಲೇಖಕನಿಗೆ ಎರಡು ಸುಲಭದ ದಾರಿ ಇರುತ್ತೆ. ಹಿಟ್ ಆದದ್ದನ್ನೇ ಮತ್ತೆ ಮತ್ತೆ ಬರೆಯೋದು, ಇಲ್ಲಾಂದ್ರೆ ಹೊಸ ಫ್ಯಾಷನ್ನಿಗೆ ಪೂರ್ತಿ ಬದಲಾಗೋದು. ಕೆ.ಎಸ್.ನ. ಎರಡನ್ನೂ ಮಾಡಲಿಲ್ಲ. 1958ರ 'ಶಿಲಾಲತೆ'ಯಲ್ಲಿ ಧ್ವನಿ ಬದಲಾಗಿದೆ, ನವ್ಯದಿಂದ ಕಲಿತದ್ದು ಕಾಣುತ್ತೆ, ಮಾತು ಬಿಗಿಯಾಗಿದೆ, ಕತ್ತಲು ಒಳಗೆ ಬಂದಿದೆ. ವಿಷಯ ಮಾತ್ರ ಕೈಗೆ ಸಿಗೋದರಿಂದಲೇ ಬಂದದ್ದು. ಗಡಿಯಾರದಂಗಡಿಯ ಮುಂದೆ ನಿಂತ ಮನುಷ್ಯನ ಪದ್ಯ ಆ ಹೊಸ ಧ್ವನಿಯದ್ದು. ಯಾವ ಕಾಲ ಬಂದರೂ ಹವಾಮಾನದ ಬಗ್ಗೆ ಗೊಣಗೋದು ಬಿಡದ ಜನರ ಮೇಲೂ ಒಂದು ಪದ್ಯ ಇದೆ, 'ಇಕ್ಕಳ' ಅಂತ. ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಸಿಗೋ ಸಾಮಗ್ರಿ.

1960ರಲ್ಲಿ 'ಮನೆಯಿಂದ ಮನೆಗೆ' ಬಂತು. ಅದಾದ ಮೇಲೆ ಮುಂದಿನ ಸಂಕಲನ ಬಂದದ್ದು 1976ರಲ್ಲಿ. ಮಧ್ಯೆ ಹದಿನಾರು ವರ್ಷ.

ಆ ಹದಿನಾರು ವರ್ಷದ ಬಗ್ಗೆ ನಾವು ಬಹಳ ಮಾತಾಡಿದೆವು. ಕೆ.ಎಸ್.ನ. ಪದ್ಯಗಳನ್ನ ಕೇಳಿ ಬೆಳೆದ ಓದುಗರು ಅಷ್ಟರಲ್ಲಿ ಮಕ್ಕಳ ಮದುವೆ ಮಾಡೋ ವಯಸ್ಸಿಗೆ ಬಂದಿದ್ದರು. ಹೊಸ ಓದುಗರಿಗೆ ಅವರು ಹಳೇ ಕವಿ. ಹತ್ತು ದಿನ ಪೋಸ್ಟ್ ಹಾಕದಿದ್ದರೆ ಜನ ಮರೀತಾರೆ ಅಂತ ಒದ್ದಾಡೋ ನಮಗೆ ಹದಿನಾರು ವರ್ಷ ಕಲ್ಪನೆಗೂ ಬರಲ್ಲ. 45ಕ್ಕೆ ಒಂದು ಪುಸ್ತಕ ತಂದವರು 61ಕ್ಕೆ ಮುಂದಿನದನ್ನ ತಂದರು, ಅಷ್ಟರಲ್ಲಿ ಕಚೇರಿಯಿಂದ ನಿವೃತ್ತಿಯೂ ಆಗಿತ್ತು. ಆ ಪುಸ್ತಕದ ಹೆಸರು 'ತೆರೆದ ಬಾಗಿಲು'. ಹೆಸರಲ್ಲೂ ಮನೆಯ ವಸ್ತುವೇ. ಅದಕ್ಕೆ 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲ್ಲಿಗೆಗೆ ಬಾರದ ಪ್ರಶಸ್ತಿ ಬಾಗಿಲಿಗೆ ಬಂತು ಅಂತ ತಮಾಷೆ ಮಾಡಬಹುದು, ಆದರೆ ನಮ್ಮ ಅಭಿಪ್ರಾಯದಲ್ಲಿ ಇದು ಅವರ ಜೀವನದ ನಿಜವಾದ ಗೆಲುವು. ಮೊದಲ ಪುಸ್ತಕ ಹಿಟ್ ಆಗೋದಕ್ಕೆ ವಯಸ್ಸಿನ ಹುರುಪು ಸಾಕು. ಹದಿನಾರು ವರ್ಷ ಬಿಟ್ಟು, ಅದೇ ಮನೆ, ಅದೇ ಬೀದಿ ನೋಡ್ತಾ, ಹೊಸ ಮಾತು ಹುಟ್ಟಿಸೋಕೆ ಬೇರೆ ಏನೋ ಬೇಕು.

ಆ ಬೇರೆ ಏನೋ ಅಂದರೆ ಏನು ಅನ್ನೋದಕ್ಕೆ ಹೆಸರಿಟ್ಟವರು ಪಕ್ಕದ ಮೇಲುಕೋಟೆಯ ಪು.ತಿ.ನ. ಅವರೂ ಗುಮಾಸ್ತಿಕೆ ಮಾಡಿಕೊಂಡೇ ಬರೆದವರು, ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ. ಕವಿಗೆ ಎರಡು ಕೌಶಲ ಇರಬೇಕು ಅಂತ ಅವರ ವಿಚಾರ. ಒಂದು ಭವನಿಮಜ್ಜನ ಚಾತುರ್ಯ, ಅಂದರೆ ದಿನನಿತ್ಯದ ಬದುಕಿನಲ್ಲಿ ಪೂರ್ತಿ ಮುಳುಗೋದು. ಇನ್ನೊಂದು ಲಘಿಮಾ ಕೌಶಲ, ಅಂದರೆ ಮುಳುಗಿದಲ್ಲಿಂದ ಹಗುರಾಗಿ ಮೇಲೆ ತೇಲೋದು. ಪದಗಳು ವೈವಾ ಪ್ರಶ್ನೆ ಥರ ಇವೆ, ಹೆದರಬೇಡಿ. ಮುಳುಗಿದರಷ್ಟೇ ಸಾಲದು, ಮುಳುಗಿದವನು ಬರೀ ಉಸಿರು ಕಟ್ಟಿ ಒದ್ದಾಡ್ತಾನೆ. ತೇಲೋದಷ್ಟೇ ಗೊತ್ತಿದ್ದರೆ ಬರೆದದ್ದು ಗಾಳಿಮಾತು ಆಗುತ್ತೆ. ಅಕ್ಕಿಯ ಪದ್ಯದಲ್ಲಿ ಎರಡೂ ಇದೆ: ಚಿನ್ನ ಇಲ್ಲದ ಬೆರಳು ಮುಳುಗಿದವನಿಗೇ ಕಾಣೋದು, ಅದನ್ನ ನೋಡಿ ಗೋಳಾಡದೆ ಬಳೆಯ ಸದ್ದಿನ ಕಡೆ ಹೊರಳೋದು ತೇಲೋಕೆ ಬಂದವನಿಗೆ ಮಾತ್ರ ಸಾಧ್ಯ. ನಾವು ಬ್ರೇಕಪ್ ಆದ ಮರುದಿನ ಬರೆಯೋ ಪದ್ಯಗಳು ಯಾಕೆ ಓದೋಕೆ ಆಗಲ್ಲ ಅನ್ನೋದಕ್ಕೂ ಇದರಲ್ಲೇ ಉತ್ತರ ಇರಬಹುದು.

ಆಮೇಲಿನದು ಎಲ್ಲರಿಗೂ ಗೊತ್ತಿರೋ ಭಾಗ. ಸುಗಮ ಸಂಗೀತದವರು, ಅದರಲ್ಲೂ ಸಿ. ಅಶ್ವತ್ಥ್, ಆ ಪದ್ಯಗಳನ್ನ ಮನೆಮನೆಗೆ ಮುಟ್ಟಿಸಿದರು. ಓದು ಬರಹ ಇಲ್ಲದವರ ಬಾಯಿಗೂ ಪದುಮ, ಚೆನ್ನಯ್ಯ ಎಲ್ಲ ಬಂದರು. ಟಿ.ಎಸ್. ನಾಗಾಭರಣ 'ಮೈಸೂರು ಮಲ್ಲಿಗೆ' ಹೆಸರಲ್ಲೇ ಸಿನಿಮಾ ಮಾಡಿದರು, ಇದ್ದ ಪದ್ಯಗಳನ್ನ ಪೋಣಿಸಿ ಕತೆ ಕಟ್ಟಿದ ಸಿನಿಮಾ. ಅದರ ಹಾಡುಗಳಿಗೆ ಕೆ.ಎಸ್.ನ. ಅವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಪದ್ಯಗಳು ಅಚ್ಚಾಗಿ ಆಗಲೇ ಅರ್ಧ ಶತಮಾನ ಆಗಿತ್ತು! 1990ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂಟರ್‌ಮೀಡಿಯೆಟ್ ಓದಿದ ಊರು, ಮೊದಲ ಪುಸ್ತಕದ ಹೆಸರಿನಲ್ಲಿರೋ ಊರು.

80 ದಾಟಿದ ಮೇಲೂ ಪುಸ್ತಕ ಬರ್ತಾನೇ ಇದ್ದವು. 'ಸಂಜೆ ಹಾಡು', 'ಕೈಮರದ ನೆಳಲಲ್ಲಿ'. ಕೈಮರ ಅಂದರೆ ರಸ್ತೆ ಕವಲೊಡೆಯೋ ಕಡೆ ಊರಿನ ಹೆಸರು ಬರೆದು ನಿಲ್ಲಿಸೋ ಕಂಬ. ಕೆ.ಆರ್. ಪೇಟೆ ರಸ್ತೆಗಳಲ್ಲಿ ಇವತ್ತಿಗೂ ಕಾಣುತ್ತೆ, ಕೆಲವು ಬಾಗಿವೆ, ಕೆಲವರ ಮೇಲೆ ಟ್ಯೂಷನ್ ಜಾಹೀರಾತು ಅಂಟಿದೆ.

2003 ಕೆ.ಆರ್. ಪೇಟೆ ತಾಲ್ಲೂಕಿಗೆ ಭಾರವಾದ ವರ್ಷ. ಆಗಸ್ಟ್‌ನಲ್ಲಿ ಅಕ್ಕಿಹೆಬ್ಬಾಳಿನ ಮೂರ್ತಿರಾವ್ ತೀರಿಕೊಂಡರು, ನೂರಾ ಮೂರು ವರ್ಷದವರು. 'ಹಗಲುಗನಸುಗಳು' ಬರೆದು, ಸುಮ್ಮನೆ ಕೂತಿರೋದರ ಬಗ್ಗೆಯೂ ಪ್ರಬಂಧ ಬರೆಯಬಹುದು ಅಂತ ಕನ್ನಡಕ್ಕೆ ಕಲಿಸಿದವರು. ಅದೇ ವರ್ಷ ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನಲ್ಲಿ ಕೆ.ಎಸ್.ನ. ಹೋದರು. 89 ತುಂಬೋಕೆ ಇನ್ನೊಂದು ತಿಂಗಳಿತ್ತು. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ.